ನೀವು ಬರೆಯದ ಕ್ಲಾಸ್ ಎಲ್ಲಿಂದ ಬಂತು? ಜಾವಾ ಬಿಲ್ಡ್ ಒಳಗಿನ ಅನೋಟೇಶನ್ ಪ್ರೊಸೆಸರ್‌ಗಳ ಕೆಲಸ

ಬಿಲ್ಡ್ ಒತ್ತಿದ ತಕ್ಷಣ ‘ಸಿಂಬಲ್ ಸಿಗುತ್ತಿಲ್ಲ’ ಅನ್ನುವ ಎರರ್ ಸಾಲುಸಾಲಾಗಿ ಬಂದು ಪರದೆ ತುಂಬಿಬಿಡುತ್ತದೆ. ಸಿಗುತ್ತಿಲ್ಲ ಅನ್ನುವ ಆ ಕ್ಲಾಸನ್ನು ನೀವು ಬರೆದೇ ಇಲ್ಲ. ನಿನ್ನೆ ಇದೇ ಪ್ರಾಜೆಕ್ಟ್ ಸರಿಯಾಗಿ ಓಡುತ್ತಿತ್ತು. ಹಾಗಾದರೆ ನಿನ್ನೆ ಆ ಕ್ಲಾಸ್ ಎಲ್ಲಿತ್ತು, ಇವತ್ತು ಎಲ್ಲಿ ಹೋಯಿತು? ಬಳ್ಳಾರಿ, ರಾಯಚೂರಿನ ಕಾಲೇಜುಗಳಿಂದ ಕೊನೆಯ ವರ್ಷದ ಪ್ರಾಜೆಕ್ಟ್ ಹಿಡಿದುಕೊಂಡು ಬರುವ ಹುಡುಗ ಹುಡುಗಿಯರು ನನಗೆ ಜಾಸ್ತಿ ಕೇಳುವ ಪ್ರಶ್ನೆ ಇದು. ಉತ್ತರ ಗೊತ್ತಾಗಬೇಕಾದರೆ ಕಂಪೈಲ್ ನಡೆಯುವಾಗ ಒಳಗೆ ಏನಾಗುತ್ತದೆ ಅಂತ ಒಮ್ಮೆ ನಿಧಾನವಾಗಿ ನೋಡಬೇಕು.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಅನೋಟೇಶನ್ ಪ್ರೊಸೆಸರ್ ನಿಮ್ಮ ಪ್ರೋಗ್ರಾಂನ ಭಾಗ ಅಲ್ಲ. ಅದು ನಿಮ್ಮ ಪ್ರೋಗ್ರಾಂ ಕಂಪೈಲ್ ಆಗುವಾಗ ಕಂಪೈಲರ್ ಹೊಟ್ಟೆಯೊಳಗೆ ಓಡುವ ಇನ್ನೊಂದು ಪ್ರೋಗ್ರಾಂ. ಇವೆರಡನ್ನೂ ಬೆರೆಸಿದಲ್ಲೆಲ್ಲ ತೊಂದರೆ ಶುರುವಾಗುತ್ತದೆ. ಗ್ರೇಡಲ್, ಮಾವೆನ್ ತರಹದ ಬಿಲ್ಡ್ ಟೂಲ್‌ಗಳು (ಕೋಡನ್ನು ಕಂಪೈಲ್ ಮಾಡಿಸಿ ಜೋಡಿಸಿಕೊಡುವ ಪ್ರೋಗ್ರಾಂಗಳು) ಈ ವಿಷಯದಲ್ಲಿ ಇಷ್ಟು ವರ್ಷ ಮಾಡುತ್ತಾ ಬಂದಿರುವ ಬದಲಾವಣೆಗಳು ಹೆಚ್ಚಾಗಿ ಇವೆರಡನ್ನು ಬೇರೆ ಮಾಡುವ ಪ್ರಯತ್ನಗಳೇ.

ಅನೋಟೇಶನ್ ಅಂದರೆ ಕೋಡ್ ಮೇಲೆ ಅಂಟಿಸುವ ಚೀಟಿ. @ ಚಿಹ್ನೆಯಿಂದ ಶುರುವಾಗುತ್ತದೆ. ಚೀಟಿ ತಾನಾಗಿ ಏನೂ ಮಾಡುವುದಿಲ್ಲ, ಯಾರಾದರೂ ಅದನ್ನು ಓದಿ ಕೆಲಸ ಮಾಡಬೇಕು. ಓದುವವರು ಎರಡು ಹೊತ್ತಿನಲ್ಲಿ ಬರಬಹುದು. ಸ್ಪ್ರಿಂಗ್‌ನಂಥ ಫ್ರೇಮ್‌ವರ್ಕ್ ಹೆಚ್ಚಾಗಿ ಪ್ರೋಗ್ರಾಂ ಓಡುವಾಗ ಓದುತ್ತದೆ. ಡ್ಯಾಗರ್, ಮೈಕ್ರೊನಾಟ್, ಮ್ಯಾಪ್‌ಸ್ಟ್ರಕ್ಟ್ ತರಹದ ಲೈಬ್ರರಿಗಳು ಕಂಪೈಲ್ ಆಗುವಾಗಲೇ ಓದಿ, ಬೇಕಾದ ಕೋಡನ್ನು ಆಗಲೇ ಬರೆದಿಟ್ಟುಬಿಡುತ್ತವೆ. ಓಡುವಾಗ ಹುಡುಕಾಟ ಇರುವುದಿಲ್ಲ, ಪ್ರೋಗ್ರಾಂ ಬೇಗ ಶುರುವಾಗುತ್ತದೆ, ತಪ್ಪಿದ್ದರೆ ಗ್ರಾಹಕನ ಎದುರಿಗಲ್ಲ, ನಿಮ್ಮ ಮೇಜಿನ ಮೇಲೇ ಗೊತ್ತಾಗುತ್ತದೆ. ಅದಕ್ಕೆ ತೆರುವ ಬೆಲೆ ಬಿಲ್ಡ್ ಹೊತ್ತು.

ಚೀಟಿ ಎಲ್ಲಿಯವರೆಗೆ ಉಳಿಯಬೇಕು ಅನ್ನುವುದಕ್ಕೂ ಜಾವಾದಲ್ಲಿ ಮೂರು ಹಂತಗಳಿವೆ. ‘ಸೋರ್ಸ್’ ಅಂದರೆ ಸೋರ್ಸ್ ಫೈಲಿನಲ್ಲಿ ಮಾತ್ರ, ಕಂಪೈಲ್ ಆದ ಮೇಲೆ ಮಾಯ. ‘ಕ್ಲಾಸ್’ ಅಂದರೆ ಕಂಪೈಲ್ ಆದ ಕ್ಲಾಸ್ ಫೈಲಿನಲ್ಲೂ ಇರುತ್ತದೆ. ‘ರನ್‌ಟೈಮ್’ ಅಂದರೆ ಓಡುವಾಗಲೂ ಓದಲು ಸಿಗುತ್ತದೆ. ಮುಂದೆ ಒಂದು ಕಡೆ ಇದು ಮುಖ್ಯವಾಗುತ್ತದೆ, ನೆನಪಿಟ್ಟುಕೊಳ್ಳಿ.

ಅನೋಟೇಶನ್ ಜಾವಾಕ್ಕೆ ಬಂದದ್ದು 2004ರಲ್ಲಿ, ಜಾವಾ 5ರ ಜೊತೆ. ಆಗ ಅವುಗಳನ್ನು ಪ್ರೊಸೆಸ್ ಮಾಡಲು ಎಪಿಟಿ ಅನ್ನುವ ಬೇರೆಯೇ ಟೂಲ್ ಓಡಿಸಬೇಕಿತ್ತು. 2006ರ ಕೊನೆಗೆ ಬಂದ ಜಾವಾ 6ರಲ್ಲಿ ಜೆಎಸ್‌ಆರ್ 269 ಅನ್ನುವ ಪ್ರಸ್ತಾವದ ಮೂಲಕ ಈ ಕೆಲಸ ನೇರವಾಗಿ ಜಾವಾಕ್ ಕಂಪೈಲರ್ ಒಳಗೇ ಬಂತು. ಜಾವಾ 8ರ ಹೊತ್ತಿಗೆ ಎಪಿಟಿಯನ್ನು ಕಿತ್ತುಹಾಕಿದರು. ಇವತ್ತು ನಾವು ಬಳಸುವುದೆಲ್ಲ ಜೆಎಸ್‌ಆರ್ 269ರ ವ್ಯವಸ್ಥೆಯೇ.

ಒಂದು ಭತ್ತದ ಲೋಡು, ಕೆಲವು ಸುತ್ತುಗಳು

ನಮ್ಮ ಕಡೆಯದ್ದೇ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಾರಟಗಿ ಅಥವಾ ಗಂಗಾವತಿಯ ಒಂದು ಅಕ್ಕಿ ಗಿರಣಿಗೆ ತೂಕದ ಲೆಕ್ಕ ಇಡುವ ಪ್ರೋಗ್ರಾಂ. ಲಾರಿ ತೂಕದ ಕಟ್ಟೆಗೆ ಬರುತ್ತದೆ. ತುಂಬಿದ ತೂಕ, ಖಾಲಿ ತೂಕ, ತೇವಾಂಶ ಬರೆದುಕೊಳ್ಳುತ್ತಾರೆ. ನಿವ್ವಳ ತೂಕವನ್ನು 75 ಕೆ.ಜಿ. ಚೀಲದ ಲೆಕ್ಕಕ್ಕೆ ತಿರುಗಿಸುತ್ತಾರೆ. ಇದಕ್ಕೆ ‘ಭತ್ತದಲೋಡು’ ಅಂತ ಒಂದು ಕ್ಲಾಸ್. ಲಾರಿಯ ತೂಕ ಬರೆದುಕೊಡುವ ಕಾಗದದಲ್ಲಿ ಪ್ರಿಂಟ್ ಆಗಬೇಕಾದ ವಿವರಕ್ಕೆ ‘ತೂಕಚೀಟಿ’ ಅಂತ ಇನ್ನೊಂದು. ಮೊದಲನೆಯದನ್ನು ಎರಡನೆಯದಕ್ಕೆ ಬದಲಿಸಲು ‘ಲೋಡುಮ್ಯಾಪರ್’ ಅಂತ ಒಂದು ಇಂಟರ್‌ಫೇಸ್. (ಜಾವಾದಲ್ಲಿ ಕ್ಲಾಸುಗಳಿಗೆ ಕನ್ನಡ ಅಕ್ಷರಗಳಲ್ಲೇ ಹೆಸರಿಡಬಹುದು. ಕೀವರ್ಡ್ ಮಾತ್ರ ಜಾವಾದ್ದೇ ಇರಬೇಕು. ಕಲಿಯುವ ಮಕ್ಕಳಿಗೆ ನಾನು ಇದನ್ನು ಮಾಡಿ ತೋರಿಸುತ್ತೇನೆ, ಯಾವ ಹೆಸರು ನಮ್ಮದು, ಯಾವುದು ಭಾಷೆಯದ್ದು ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ.)

ಭತ್ತದಲೋಡು ಮೇಲೆ ಲೋಂಬೊಕ್ ಅನ್ನುವ ಲೈಬ್ರರಿಯ @ಗೆಟರ್ ಇದೆ, ಫೀಲ್ಡ್‌ಗಳನ್ನು ಓದಿಕೊಡುವ ಗೆಟರ್ ಮೆಥಡ್‌ಗಳನ್ನು ಅದು ಸೇರಿಸುತ್ತದೆ. ಲೋಡುಮ್ಯಾಪರ್ ಮೇಲೆ ಮ್ಯಾಪ್‌ಸ್ಟ್ರಕ್ಟ್‌ನ @ಮ್ಯಾಪರ್ ಇದೆ. ಬೆಂಬಲ ಬೆಲೆಯ ಖರೀದಿಯಲ್ಲಿ ಭತ್ತದ ತೇವಾಂಶ ಶೇ 17 ಮೀರಬಾರದು ಅಲ್ವಾ, ಅದಕ್ಕೆ ನಾವೇ ಬರೆದ @ತೇವಾಂಶಮಿತಿ(17) ಅನ್ನುವ ಚೀಟಿಯೂ ಒಂದು ಫೀಲ್ಡ್ ಮೇಲೆ ಅಂಟಿದೆ. ಅದನ್ನು ಓದುವ ನಮ್ಮದೇ ಪ್ರೊಸೆಸರ್ ‘ಭತ್ತದಲೋಡುಪರೀಕ್ಷಕ’ ಅನ್ನುವ ಕ್ಲಾಸ್ ಬರೆದುಕೊಡುತ್ತದೆ. ಉಳಿದ ಕೋಡ್ ಆ ಪರೀಕ್ಷಕವನ್ನು ಕರೆಯುತ್ತದೆ, ಅದು ಇನ್ನೂ ಹುಟ್ಟದೇ ಇದ್ದರೂ.

ಈಗ ಜಾವಾಕ್ ಏನು ಮಾಡುತ್ತದೆ ನೋಡಿ. ಮೊದಲು ಎಲ್ಲ ಸೋರ್ಸ್ ಫೈಲುಗಳನ್ನೂ ಓದಿ, ಪ್ರತಿಯೊಂದಕ್ಕೂ ಒಂದು ಮರದಂಥ ರಚನೆ ಮಾಡಿಕೊಳ್ಳುತ್ತದೆ. ಯಾವ ಕ್ಲಾಸ್ ಇದೆ, ಅದರಲ್ಲಿ ಯಾವ ಫೀಲ್ಡ್, ಯಾವ ಮೆಥಡ್ ಅನ್ನುವಷ್ಟನ್ನು ಗುರುತು ಮಾಡಿಕೊಳ್ಳುತ್ತದೆ. ಮೆಥಡ್ ಒಳಗಿನ ಸಾಲುಗಳು ಸರಿ ಇವೆಯಾ ಅಂತ ಇನ್ನೂ ನೋಡಿರುವುದಿಲ್ಲ. ಅದಕ್ಕೇ ಭತ್ತದಲೋಡುಪರೀಕ್ಷಕ ಇನ್ನೂ ಇಲ್ಲದಿದ್ದರೂ ಈ ಹಂತದಲ್ಲಿ ಯಾರೂ ತಕರಾರು ಮಾಡುವುದಿಲ್ಲ.

ಆಮೇಲೆ ಮೊದಲ ಸುತ್ತು. ಕಂಪೈಲರ್ ಪ್ರತಿ ಪ್ರೊಸೆಸರ್‌ಗೂ ಅದು ಕೇಳಿದ ಅನೋಟೇಶನ್ ಇರುವ ಜಾಗಗಳನ್ನು ತೋರಿಸುತ್ತದೆ. ಪ್ರೊಸೆಸರ್‌ಗೆ ಹೊಸ ಫೈಲ್ ಬರೆಯಬೇಕಾದರೆ ಫೈಲರ್ ಅನ್ನುವ ಸೌಲಭ್ಯದ ಮೂಲಕವೇ ಬರೆಯಬೇಕು. ನಮ್ಮ ಪ್ರೊಸೆಸರ್ ಪರೀಕ್ಷಕವನ್ನು ಬರೆಯಿತು, ಮ್ಯಾಪ್‌ಸ್ಟ್ರಕ್ಟ್ ‘ಲೋಡುಮ್ಯಾಪರ್‌ಇಂಪ್ಲ್’ ಬರೆಯಿತು.

ಹೊಸ ಫೈಲ್ ಹುಟ್ಟಿದ್ದರಿಂದ ಎರಡನೇ ಸುತ್ತು. ಈ ಸಲ ಕಂಪೈಲರ್ ಪ್ರೊಸೆಸರ್‌ಗಳ ಮುಂದೆ ಇಡುವುದು ಹೊಸದಾಗಿ ಹುಟ್ಟಿದ ಕ್ಲಾಸುಗಳನ್ನು ಮಾತ್ರ. ಅವುಗಳಲ್ಲೂ ಅನೋಟೇಶನ್ ಇದ್ದರೆ ಮತ್ತೆ ಕೆಲಸ, ಮತ್ತೆ ಹೊಸ ಫೈಲ್, ಮತ್ತೊಂದು ಸುತ್ತು. ಮೊದಲ ಸುತ್ತಿನಲ್ಲಿ ಕರೆಸಿಕೊಂಡ ಪ್ರೊಸೆಸರ್‌ಗೆ ಮುಂದಿನ ಎಲ್ಲ ಸುತ್ತಿಗೂ ಕರೆ ಬರುತ್ತದೆ, ಅದರ ಪಾಲಿಗೆ ಏನೂ ಇಲ್ಲದಿದ್ದರೂ. ಹೊಸ ಫೈಲ್ ಹುಟ್ಟುವುದು ನಿಂತ ಮೇಲೆ ‘ಇನ್ನು ಮುಗಿಯಿತು’ ಅಂತ ಹೇಳುವ ಒಂದು ಕೊನೆಯ ಸುತ್ತು ನಡೆಯುತ್ತದೆ. ಇದೆಲ್ಲ ಮುಗಿದ ಮೇಲೆಯೇ ಕಂಪೈಲರ್ ಎಲ್ಲ ಸಾಲುಗಳನ್ನೂ ಪರೀಕ್ಷಿಸಿ ಕ್ಲಾಸ್ ಫೈಲ್ ಬರೆಯುವುದು. ಕಣ್ಣಾರೆ ನೋಡಬೇಕಾದರೆ ಜಾವಾಕ್‌ಗೆ -ಎಕ್ಸ್‌ಪ್ರಿಂಟ್‌ರೌಂಡ್ಸ್ ಅನ್ನುವ ಆಯ್ಕೆ ಕೊಡಿ. ಪ್ರತಿ ಸುತ್ತಿಗೂ ಒಳಗೆ ಹೋದದ್ದು ಏನು ಅಂತ ಬರೆದು ತೋರಿಸುತ್ತದೆ. ಹತ್ತು ಸಲ ಓದುವುದಕ್ಕಿಂತ ಇದನ್ನು ಒಂದು ಸಲ ನೋಡುವುದು ಜಾಸ್ತಿ ಕಲಿಸುತ್ತದೆ.

ಇಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಪ್ರೊಸೆಸರ್ ಹೊಸ ಫೈಲ್ ಹುಟ್ಟಿಸಬಹುದೇ ಹೊರತು ಇರುವ ಫೈಲನ್ನು ತಿದ್ದುವಂತಿಲ್ಲ. ಒಂದೇ ಹೆಸರಿನ ಫೈಲನ್ನು ಎರಡು ಸಲ ಹುಟ್ಟಿಸಲು ಹೋದರೂ ಫೈಲರ್ ಬಿಡುವುದಿಲ್ಲ. ಹಾಗಿದ್ದರೆ ಲೋಂಬೊಕ್ ನಿಮ್ಮದೇ ಕ್ಲಾಸ್ ಒಳಗೆ ಗೆಟರ್ ಹೇಗೆ ಸೇರಿಸುತ್ತದೆ? ಅದು ಈ ಬಾಗಿಲಿನಿಂದ ಒಳಗೆ ಬಂದು, ಆಮೇಲೆ ಜಾವಾಕ್‌ನ ಒಳಗಿನ ಮರವನ್ನೇ ತಿದ್ದುತ್ತದೆ. ಕಂಪೈಲರ್‌ನ ಖಾಸಗಿ ಭಾಗಗಳನ್ನು ಮುಟ್ಟುವುದರಿಂದಲೇ ಹೊಸ ಜಾವಾ ಬಂದಾಗ ಹಳೆಯ ಲೋಂಬೊಕ್ ಕೈಕೊಡುವುದುಂಟು. ಲೋಂಬೊಕ್ ಬಳಸಬೇಡಿ ಅಂತ ನಾನು ಹೇಳುವುದಿಲ್ಲ. ಜಾವಾ ಏರಿಸುವ ದಿನ ಲೋಂಬೊಕನ್ನೂ ಜೊತೆಗೇ ಏರಿಸಿ, ಅಷ್ಟೇ.

ಇದರಿಂದ ಹುಟ್ಟುವ ಒಂದು ಗಂಟು ನಮ್ಮ ಉದಾಹರಣೆಯಲ್ಲೇ ಇದೆ. ಮ್ಯಾಪ್‌ಸ್ಟ್ರಕ್ಟ್‌ಗೆ ಭತ್ತದಲೋಡು ಒಳಗಿನ ಗೆಟರ್‌ಗಳು ಕಾಣಬೇಕು. ಅವನ್ನು ಸೇರಿಸುವುದು ಲೋಂಬೊಕ್. ಅದು ತನ್ನ ಕೆಲಸ ಮುಗಿಸುವ ಮೊದಲೇ ಮ್ಯಾಪ್‌ಸ್ಟ್ರಕ್ಟ್ ನೋಡಿಬಿಟ್ಟರೆ ‘ಇಂಥ ಪ್ರಾಪರ್ಟಿಯೇ ಇಲ್ಲ’ ಅನ್ನುತ್ತದೆ. ಇಬ್ಬರ ನಡುವೆ ‘ನಿನ್ನದು ಮುಗಿಯಿತಾ?’ ಅಂತ ಕೇಳಿ ಹೇಳುವ ಒಂದು ಸಣ್ಣ ಸೇತುವೆ ಬೇಕು. ಲೋಂಬೊಕ್ 1.18.16ರಿಂದ ಈ ಸೇತುವೆ ಲೋಂಬೊಕ್-ಮ್ಯಾಪ್‌ಸ್ಟ್ರಕ್ಟ್-ಬೈಂಡಿಂಗ್ ಅನ್ನುವ ಬೇರೆ ಜಾರ್ (ಕ್ಲಾಸ್ ಫೈಲುಗಳ ಕಟ್ಟು) ಆಗಿದೆ. ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಬೇಕು. ಎರಡನ್ನೂ ಒಟ್ಟಿಗೆ ಬಳಸುವವರು ಬಹಳ ಜನ ಇಲ್ಲೇ ಸಿಕ್ಕಿಬೀಳುತ್ತಾರೆ.

ಪ್ರೊಸೆಸರ್ ಯಾವ ದಾರಿಯಿಂದ ಬರುತ್ತದೆ

ಜಾವಾಕ್‌ಗೆ ಪ್ರೊಸೆಸರ್ ಇದೆ ಅಂತ ಗೊತ್ತಾಗುವುದಾದರೂ ಹೇಗೆ? ಪ್ರೊಸೆಸರ್ ಇರುವ ಜಾರ್ ಒಳಗೆ, ಮೆಟಾ-ಇನ್ಫ್ ಫೋಲ್ಡರಿನ ಸರ್ವಿಸಸ್ ಜಾಗದಲ್ಲಿ ಒಂದು ಸಣ್ಣ ಪಠ್ಯ ಫೈಲ್ ಇರುತ್ತದೆ. ಅದರಲ್ಲಿ ಪ್ರೊಸೆಸರ್ ಕ್ಲಾಸಿನ ಪೂರ್ತಿ ಹೆಸರು ಇರುತ್ತದೆ. ಜಾವಾಕ್ ಆ ಹೆಸರು ಓದಿ, ಕ್ಲಾಸನ್ನು ಲೋಡ್ ಮಾಡಿ, ಓಡಿಸುತ್ತದೆ.

ಎಲ್ಲಿ ಹುಡುಕುತ್ತದೆ ಅನ್ನುವುದೇ ಅಸಲು ವಿಷಯ. ಪ್ರೊಸೆಸರ್‌ಗಳಿಗೆ ಅಂತಲೇ -ಪ್ರೊಸೆಸರ್‌ಪಾತ್ ಅನ್ನುವ ಬೇರೆ ದಾರಿ ಮೊದಲಿಂದಲೂ ಇದೆ. ಆದರೆ ಅದನ್ನು ಕೊಡದಿದ್ದರೆ ಜಾವಾಕ್ ನಿಮ್ಮ ಸಾಮಾನ್ಯ ಕ್ಲಾಸ್‌ಪಾತ್‌ನಲ್ಲೇ, ಅಂದರೆ ನಿಮ್ಮ ಕೋಡ್‌ಗೆ ಬೇಕಾದ ಜಾರ್‌ಗಳ ಪಟ್ಟಿಯಲ್ಲೇ, ಹುಡುಕುತ್ತಿತ್ತು. ಅಲ್ಲಿರುವ ಯಾವ ಜಾರ್ ಒಳಗೆ ಆ ಫೈಲ್ ಇದ್ದರೂ, ನೀವು ಕರೆದಿರಿ ಬಿಟ್ಟಿರಿ, ಅದು ಓಡುತ್ತಿತ್ತು. ಸುಲಭ ಅನ್ನಿಸಿದ್ದರಿಂದ ಎಲ್ಲರೂ ಇದನ್ನೇ ರೂಢಿ ಮಾಡಿಕೊಂಡರು. ಲೋಂಬೊಕನ್ನು ಮಾಮೂಲಿ ಡಿಪೆಂಡೆನ್ಸಿಯಾಗಿ (ಕೋಡ್ ಬಳಸುವ ಹೊರಗಿನ ಲೈಬ್ರರಿಯಾಗಿ) ಹಾಕಿದರೆ ಸಾಕು, ನಡೆಯುತ್ತಿತ್ತು.

ಇದರಿಂದ ಆಗುವ ಹಾನಿ ನಿಧಾನವಾಗಿ ಕಾಣುತ್ತದೆ. ಪ್ರೊಸೆಸರ್ ತನ್ನ ಕೆಲಸಕ್ಕೆ ಗ್ವಾವ ತರಹದ ಲೈಬ್ರರಿಗಳನ್ನು ಬಳಸುತ್ತದೆ. ಒಂದೇ ಕ್ಲಾಸ್‌ಪಾತ್ ಇದ್ದರೆ ಅವೂ ನಿಮ್ಮ ಕೋಡ್‌ಗೆ ಕಾಣುತ್ತವೆ. ಮನೆ ಕಟ್ಟಲು ಬಂದ ಮೇಸ್ತ್ರಿಯ ಸಾಮಾನು ಮನೆಯೊಳಗೇ ಉಳಿದು, ಮನೆಯವರು ಅದನ್ನು ತಮ್ಮದೇ ಅಂತ ಬಳಸಲು ಶುರು ಮಾಡಿದ ಹಾಗೆ. ಐಡಿಇ (ಕೋಡ್ ಬರೆಯುವ ಎಡಿಟರ್) ಸೂಚಿಸಿತು ಅಂತ ಒಬ್ಬರು ಗ್ವಾವದ ಒಂದು ಕ್ಲಾಸ್ ಇಂಪೋರ್ಟ್ ಮಾಡುತ್ತಾರೆ. ಕಂಪೈಲ್ ಆಗುತ್ತದೆ. ಗಿರಣಿಯ ಕಂಪ್ಯೂಟರಿನಲ್ಲಿ ಓಡಿಸುವಾಗ ಆ ಜಾರ್ ಜೊತೆಗಿಲ್ಲದೆ ಪ್ರೋಗ್ರಾಂ ಬೀಳುತ್ತದೆ. ಅಥವಾ ಪ್ರೊಸೆಸರ್‌ಗೆ ಒಂದು ಆವೃತ್ತಿ ಬೇಕು, ನಿಮಗೆ ಇನ್ನೊಂದು ಬೇಕು, ಎರಡರಲ್ಲಿ ಒಂದು ಮಾತ್ರ ಉಳಿಯುತ್ತದೆ.

ಇನ್ನೂ ದೊಡ್ಡದು ಭದ್ರತೆಯ ಮಾತು. ಪ್ರೊಸೆಸರ್ ಅಂದರೆ ನಿಮ್ಮ ಕಂಪ್ಯೂಟರಿನಲ್ಲಿ ನಿಮ್ಮ ಹೆಸರಿನಲ್ಲೇ ಓಡುವ ಕೋಡ್. ನೀವು ಪ್ರೋಗ್ರಾಂ ಓಡಿಸದೆ ಬರೀ ಕಂಪೈಲ್ ಮಾಡಿದರೂ ಅದು ಓಡಿರುತ್ತದೆ. ಎಲ್ಲೋ ಆಳದ ಡಿಪೆಂಡೆನ್ಸಿಯಿಂದ ಗೊತ್ತಿಲ್ಲದ ಜಾರ್ ಒಂದು ಬಂದು ಹೀಗೆ ಓಡುವುದು ಸಣ್ಣ ವಿಷಯ ಅಲ್ಲ. ಅದಕ್ಕೇ 2023ರ ಜೆಡಿಕೆ 21ರಲ್ಲಿ (ಜೆಡಿಕೆ ಅಂದರೆ ಜಾವಾಕ್ ಇರುವ ಜಾವಾ ಕಿಟ್) ಜಾವಾಕ್ ಎಚ್ಚರಿಸಲು ಶುರು ಮಾಡಿತು. 2024ರ ಸೆಪ್ಟೆಂಬರಿನಲ್ಲಿ ಬಂದ ಜೆಡಿಕೆ 23ರಿಂದ ಕ್ಲಾಸ್‌ಪಾತ್‌ನಲ್ಲಿ ಸುಮ್ನೆ ಬಿದ್ದಿರುವ ಪ್ರೊಸೆಸರ್ ಓಡುವುದೇ ಇಲ್ಲ. ಪ್ರೊಸೆಸರ್ ಹೆಸರನ್ನೋ ಅದರ ದಾರಿಯನ್ನೋ ನೀವೇ ಕೊಡಬೇಕು, ಇಲ್ಲವೇ -ಪ್ರಾಕ್:ಫುಲ್ ಅಂತ ಬಾಯಿಬಿಟ್ಟು ಹೇಳಬೇಕು. ‘ನಿನ್ನೆ ಓಡುತ್ತಿತ್ತು, ಇವತ್ತು ಗೆಟರ್ ಸಿಗುತ್ತಿಲ್ಲ’ ಅಂತ ಬರುವವರಿಗೆ ನಾನು ಈಗ ಮೊದಲು ಕೇಳುವುದೇ ಇದನ್ನು: ಜಾವಾ ಏರಿಸಿದಿರಾ?

ಗ್ರೇಡಲ್ ಈ ಹಾದಿಯನ್ನು ಮೊದಲೇ ಹಿಡಿದಿತ್ತು. 2018ರಲ್ಲಿ 4.6ನೇ ಆವೃತ್ತಿಯಲ್ಲಿ ‘ಅನೋಟೇಶನ್‌ಪ್ರೊಸೆಸರ್’ ಅನ್ನುವ ಬೇರೆ ಕಾನ್ಫಿಗರೇಶನ್ ಕೊಟ್ಟಿತು. ಅದೇ ವರ್ಷದ ಕೊನೆಗೆ ಬಂದ 5.0ದಿಂದ ಕಂಪೈಲ್ ಕ್ಲಾಸ್‌ಪಾತ್‌ನಲ್ಲಿ ಪ್ರೊಸೆಸರ್ ಹುಡುಕುವುದನ್ನೇ ನಿಲ್ಲಿಸಿತು. ಆ ಪಟ್ಟಿಯಲ್ಲಿ ಏನೂ ಇಲ್ಲದಿದ್ದರೆ ಪ್ರೊಸೆಸಿಂಗ್ ಬೇಡ ಅಂತ ಜಾವಾಕ್‌ಗೆ ತಾನೇ ಹೇಳಿಬಿಡುತ್ತದೆ. ನಮ್ಮ ಉದಾಹರಣೆಯಲ್ಲಿ ಮ್ಯಾಪ್‌ಸ್ಟ್ರಕ್ಟ್‌ನ ಚೀಟಿಗಳಿರುವ ಜಾರ್ ‘ಇಂಪ್ಲಿಮೆಂಟೇಶನ್’ಗೆ ಹೋಗುತ್ತದೆ, ಅದರ ಪ್ರೊಸೆಸರ್ ಜಾರ್ ‘ಅನೋಟೇಶನ್‌ಪ್ರೊಸೆಸರ್’ಗೆ. ಲೋಂಬೊಕ್‌ನಲ್ಲಿ ಚೀಟಿ ಮತ್ತು ಪ್ರೊಸೆಸರ್ ಎರಡೂ ಒಂದೇ ಜಾರ್‌ನಲ್ಲಿವೆ. ಹಾಗಾಗಿ ಅದೇ ಜಾರನ್ನು ‘ಕಂಪೈಲ್‌ಓನ್ಲಿ’ಯಲ್ಲೂ ‘ಅನೋಟೇಶನ್‌ಪ್ರೊಸೆಸರ್’ನಲ್ಲೂ ಎರಡು ಸಲ ಬರೆಯಬೇಕು. ಟೆಸ್ಟ್ ಕೋಡ್‌ಗೆ ಇದು ತಾನಾಗಿ ಹೋಗುವುದಿಲ್ಲ. ಅದಕ್ಕೆ ‘ಟೆಸ್ಟ್‌ಅನೋಟೇಶನ್‌ಪ್ರೊಸೆಸರ್’ ಬೇರೆ ಇದೆ. ಮುಖ್ಯ ಕೋಡ್‌ನಲ್ಲಿ ನಡೆಯುವ @ಗೆಟರ್ ಟೆಸ್ಟ್ ಕ್ಲಾಸ್‌ನಲ್ಲಿ ನಡೆಯುತ್ತಿಲ್ಲ ಅಂದರೆ ಕಾರಣ ಇದೇ.

ಮಾವೆನ್‌ನಲ್ಲಿ ಕಂಪೈಲರ್ ಪ್ಲಗಿನ್ 3.5ರಿಂದ ‘ಅನೋಟೇಶನ್‌ಪ್ರೊಸೆಸರ್‌ಪಾತ್ಸ್’ ಇದೆ. ಅದನ್ನು ಒಮ್ಮೆ ಬರೆದ ಮೇಲೆ ಎಲ್ಲ ಪ್ರೊಸೆಸರ್‌ಗಳನ್ನೂ ಅಲ್ಲೇ ಬರೆಯಬೇಕು. ಮ್ಯಾಪ್‌ಸ್ಟ್ರಕ್ಟ್ ಒಂದನ್ನು ಬರೆದು ಲೋಂಬೊಕ್ ಬಿಟ್ಟರೆ, ಕ್ಲಾಸ್‌ಪಾತ್‌ನಲ್ಲಿರುವ ಲೋಂಬೊಕನ್ನು ಯಾರೂ ಮಾತಾಡಿಸುವುದಿಲ್ಲ.

ಒಂದು ಸಾಲು ಬದಲಿಸಿದರೆ ಎಷ್ಟು ಕಂಪೈಲ್ ಆಗಬೇಕು?

ಈ ಲೇಖನ ಬರೆಯಲು ಅಸಲು ಕಾರಣವೇ ಈ ಭಾಗ. ನಮ್ಮ ಕಡೆ ಹೆಚ್ಚಿನ ವಿದ್ಯಾರ್ಥಿಗಳ ಹತ್ತಿರ ಇರುವುದು 8 ಜಿಬಿ ಮೆಮೊರಿಯ ಲ್ಯಾಪ್‌ಟಾಪ್, ನೆಟ್‌ಗೆ ಮೊಬೈಲ್ ಹಾಟ್‌ಸ್ಪಾಟ್. ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿದಾಗ ಆ ಲ್ಯಾಪ್‌ಟಾಪ್ ಇನ್ನೂ ನಿಧಾನ. ಒಂದು ಸಾಲು ಬದಲಿಸಿದ್ದಕ್ಕೆ ಇಡೀ ಪ್ರಾಜೆಕ್ಟ್ ಮತ್ತೆ ಕಂಪೈಲ್ ಆಗುವುದು ದೊಡ್ಡ ಕಂಪನಿಯ ಮೆಷಿನ್‌ನಲ್ಲಿ ಸಣ್ಣ ಕಿರಿಕಿರಿ. ಇಲ್ಲಿ ಅದು ಕಲಿಯುವ ಉತ್ಸಾಹವನ್ನೇ ತಿನ್ನುತ್ತದೆ. ಕೋಡ್ ಬರೆದು, ಓಡಿಸಿ, ತಪ್ಪು ನೋಡಿ, ತಿದ್ದುವ ಸುತ್ತು ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಕಲಿಯುತ್ತೇವೆ.

ಗ್ರೇಡಲ್ ಹೊತ್ತು ಉಳಿಸುವುದು ಒಂದು ಲೆಕ್ಕದ ಮೇಲೆ: ಯಾವ ಫೈಲಿಂದ ಯಾವ ಫೈಲ್ ಹುಟ್ಟಿತು, ಯಾವ ಕ್ಲಾಸ್ ಯಾವುದನ್ನು ಅವಲಂಬಿಸಿದೆ. ಈ ಲೆಕ್ಕ ಪಕ್ಕಾ ಇದ್ದರೆ ಬದಲಾದದ್ದನ್ನೂ ಅದಕ್ಕೆ ತಗಲಿಕೊಂಡಿರುವುದನ್ನೂ ಮಾತ್ರ ಮತ್ತೆ ಕಂಪೈಲ್ ಮಾಡಿದರೆ ಸಾಕು. ಪ್ರೊಸೆಸರ್ ಈ ಲೆಕ್ಕವನ್ನು ಕೆಡಿಸುತ್ತದೆ. ಅದು ಒಂದು ಕ್ಲಾಸ್ ನೋಡಿ ಒಂದು ಫೈಲ್ ಬರೆದಿರಬಹುದು, ಐವತ್ತು ಕ್ಲಾಸ್ ನೋಡಿ ಒಂದು ಬರೆದಿರಬಹುದು. ಹೊರಗಿನಿಂದ ನೋಡುವವರಿಗೆ ಗೊತ್ತಾಗುವುದಿಲ್ಲ. ಗೊತ್ತಿಲ್ಲದಿದ್ದಾಗ ಗ್ರೇಡಲ್ ಸುರಕ್ಷಿತ ದಾರಿ ಹಿಡಿಯುತ್ತದೆ, ಎಲ್ಲವನ್ನೂ ಮತ್ತೆ ಕಂಪೈಲ್ ಮಾಡುತ್ತದೆ.

ಅದಕ್ಕೇ ಗ್ರೇಡಲ್ 4.7ರಿಂದ ಪ್ರೊಸೆಸರ್ ಬರೆಯುವವರು ತಮ್ಮ ಪ್ರೊಸೆಸರ್ ಯಾವ ಜಾತಿಯದ್ದು ಅಂತ ಜಾರ್ ಒಳಗೇ ಘೋಷಿಸುವ ವ್ಯವಸ್ಥೆ ಬಂತು. ಮೆಟಾ-ಇನ್ಫ್ ಒಳಗೆ ಗ್ರೇಡಲ್ ಅನ್ನುವ ಫೋಲ್ಡರ್, ಅದರಲ್ಲಿ ಒಂದು ಫೈಲ್, ಅದರಲ್ಲಿ ಪ್ರೊಸೆಸರ್ ಹೆಸರು, ಕಾಮಾ, ಜಾತಿ. ಎರಡು ಮುಖ್ಯ ಜಾತಿಗಳು: ಐಸೊಲೇಟಿಂಗ್ ಮತ್ತು ಅಗ್ರಿಗೇಟಿಂಗ್. ಓಡುವಾಗ ನಿರ್ಧರಿಸುತ್ತೇನೆ ಅನ್ನುವವರಿಗೆ ಡೈನಾಮಿಕ್ ಅಂತ ಮೂರನೆಯದೂ ಇದೆ.

ನಮ್ಮ @ತೇವಾಂಶಮಿತಿ ಪ್ರೊಸೆಸರ್ ಐಸೊಲೇಟಿಂಗ್. ಭತ್ತದಲೋಡು ಒಂದನ್ನೇ ನೋಡುತ್ತದೆ, ಭತ್ತದಲೋಡುಪರೀಕ್ಷಕ ಒಂದನ್ನೇ ಬರೆಯುತ್ತದೆ. ಬೇರೆ ಯಾವ ಕ್ಲಾಸ್ ಬದಲಾದರೂ ಇದಕ್ಕೆ ಸಂಬಂಧ ಇಲ್ಲ. ಇಲ್ಲಿ ನಿಯಮ ಎರಡು. ಒಂದು, ಪ್ರೊಸೆಸರ್ ಆ ಕ್ಲಾಸಿನಿಂದ ತಲುಪಬಹುದಾದ ಮಾಹಿತಿಯ ಮೇಲೆ ಮಾತ್ರ ನಿರ್ಧಾರ ಮಾಡಬೇಕು. ಎರಡು, ಫೈಲರ್ ಮೂಲಕ ಫೈಲ್ ಬರೆಯುವಾಗ ‘ಇದರ ಮೂಲ ಇದು’ ಅಂತ ಒಂದೇ ಒಂದು ಮೂಲ ಎಲಿಮೆಂಟನ್ನು ಹೇಳಬೇಕು. ಜನ ಬಿಡುವುದು ಈ ಎರಡನೆಯದನ್ನು, ಏಕೆಂದರೆ ಅದನ್ನು ಕೊಡದಿದ್ದರೂ ಜಾವಾಕ್ ಏನೂ ಅನ್ನುವುದಿಲ್ಲ. ಆದರೆ ಗ್ರೇಡಲ್‌ಗೆ ಆಧಾರವೇ ಅದು. ನಾಳೆ ನೀವು ಭತ್ತದಲೋಡು ಫೈಲನ್ನು ಅಳಿಸಿದರೆ, ಅದರಿಂದ ಹುಟ್ಟಿದ ಪರೀಕ್ಷಕವನ್ನೂ ಅಳಿಸಬೇಕು ಅಂತ ಗ್ರೇಡಲ್‌ಗೆ ತಿಳಿಯುವುದು ಆ ಒಂದು ಮಾಹಿತಿಯಿಂದ.

ಇನ್ನೊಂದು ಪ್ರೊಸೆಸರ್ ಊಹಿಸಿಕೊಳ್ಳಿ. ಪ್ರಾಜೆಕ್ಟ್‌ನಲ್ಲಿ @ವರದಿ ಅಂತ ಚೀಟಿ ಇರುವ ಎಲ್ಲ ಕ್ಲಾಸುಗಳನ್ನೂ ಹುಡುಕಿ, ದಿನದ ವರದಿ, ತಿಂಗಳ ವರದಿ, ಲಾರಿವಾರು ವರದಿ ಅಂತ ‘ವರದಿಪಟ್ಟಿ’ ಅನ್ನುವ ಒಂದೇ ಕ್ಲಾಸ್ ಬರೆಯುತ್ತದೆ. ಇದು ಅಗ್ರಿಗೇಟಿಂಗ್. ಯಾವ ಒಂದು ವರದಿ ಬದಲಾದರೂ ಪೂರ್ತಿ ಪಟ್ಟಿ ಮತ್ತೆ ಬರೆಯಬೇಕು. ಹಾಗಾಗಿ ಮಾಡ್ಯೂಲ್‌ನಲ್ಲಿ (ಪ್ರಾಜೆಕ್ಟ್‌ನಲ್ಲಿ ಬೇರೆಯಾಗಿ ಕಂಪೈಲ್ ಆಗುವ ಒಂದು ಭಾಗ) ಏನು ಬದಲಾದರೂ ಗ್ರೇಡಲ್ @ವರದಿ ಇರುವ ಎಲ್ಲ ಕ್ಲಾಸುಗಳನ್ನೂ ಪ್ರೊಸೆಸರ್ ಮುಂದೆ ಮತ್ತೆ ಇಡುತ್ತದೆ. ಆದರೆ ಬದಲಾಗದ ಕ್ಲಾಸುಗಳನ್ನು ಮತ್ತೆ ಕಂಪೈಲ್ ಮಾಡುವುದಿಲ್ಲ, ಹಿಂದೆ ಕಂಪೈಲ್ ಆದ ಕ್ಲಾಸ್ ಫೈಲುಗಳನ್ನೇ ತೋರಿಸುತ್ತದೆ. ನೆನಪಿಟ್ಟುಕೊಳ್ಳಿ ಅಂದಿದ್ದು ಈಗ ಬಂತು. @ವರದಿ ಚೀಟಿಯನ್ನು ‘ಸೋರ್ಸ್’ ಹಂತಕ್ಕೆ ಇಟ್ಟಿದ್ದರೆ ಕ್ಲಾಸ್ ಫೈಲಿನಲ್ಲಿ ಅದು ಇರುವುದೇ ಇಲ್ಲ, ಪ್ರೊಸೆಸರ್‌ಗೆ ಕಾಣುವುದೂ ಇಲ್ಲ. ಅದಕ್ಕೆ ಅಗ್ರಿಗೇಟಿಂಗ್ ಪ್ರೊಸೆಸರ್ ಓದುವ ಚೀಟಿ ‘ಕ್ಲಾಸ್’ ಅಥವಾ ‘ರನ್‌ಟೈಮ್’ ಹಂತದ್ದೇ ಆಗಿರಬೇಕು.

ಕೆಟ್ಟ ಸುದ್ದಿ ಏನೆಂದರೆ, ಘೋಷಣೆ ಮಾಡದ ಒಂದೇ ಒಂದು ಪ್ರೊಸೆಸರ್ ಪಟ್ಟಿಯಲ್ಲಿದ್ದರೂ ಆ ಮಾಡ್ಯೂಲ್‌ನ ಪೂರ್ತಿ ಲಾಭ ಹೋಗುತ್ತದೆ. ಉಳಿದ ಒಂಬತ್ತು ಎಷ್ಟೇ ಶಿಸ್ತಿನವಾದರೂ ಪ್ರಯೋಜನ ಇಲ್ಲ. ಯಾವುದು ಆ ಒಂದು ಅಂತ ತಿಳಿಯಲು ಬಿಲ್ಡನ್ನು --ಇನ್ಫೋ ಜೊತೆ ಓಡಿಸಿ. ಪೂರ್ತಿ ಕಂಪೈಲ್ ಯಾಕೆ ಮಾಡಬೇಕಾಯಿತು ಅಂತ ಗ್ರೇಡಲ್ ಪ್ರೊಸೆಸರ್ ಹೆಸರು ಹಿಡಿದು ಹೇಳುತ್ತದೆ. ಹಳೆಯ ಆವೃತ್ತಿಯಾದರೆ ಹೊಸದಕ್ಕೆ ಏರಿಸಿ. ಏರಿಸಲು ಆಗದಿದ್ದರೆ, ಆ ಪ್ರೊಸೆಸರ್ ಬೇಕಾಗಿರುವ ಕ್ಲಾಸುಗಳನ್ನಷ್ಟೇ ಒಂದು ಸಣ್ಣ ಮಾಡ್ಯೂಲ್‌ಗೆ ಸರಿಸಿ. ಅಲ್ಲಿ ಪೂರ್ತಿ ಕಂಪೈಲ್ ಆದರೂ ನಷ್ಟ ಕಮ್ಮಿ.

ಪ್ರೊಸೆಸರ್ ಹೊರಗಿನ ಫೈಲ್ ಓದಿದರೆ ಇನ್ನೊಂದು ಬಗೆಯ ತೊಂದರೆ. ಶೇ 17 ಅನ್ನುವ ಮಿತಿಯನ್ನು ಕೋಡ್‌ನಲ್ಲಿ ಬರೆಯದೆ, ಪಕ್ಕದ ಒಂದು ಪಠ್ಯ ಫೈಲಿನಲ್ಲಿಟ್ಟು ಪ್ರೊಸೆಸರ್ ಓದುವಂತೆ ಮಾಡಿದಿರಿ ಅಂತಿಟ್ಟುಕೊಳ್ಳಿ. ಆ ಫೈಲನ್ನು ಬದಲಿಸಿ ಬಿಲ್ಡ್ ಒತ್ತುತ್ತೀರಿ. ಸೋರ್ಸ್ ಏನೂ ಬದಲಾಗಿಲ್ಲ ಅಂತ ಗ್ರೇಡಲ್ ಕಂಪೈಲ್ ಮಾಡುವುದೇ ಇಲ್ಲ. ಹಳೆಯ ಮಿತಿ ಹಾಗೇ ಉಳಿಯುತ್ತದೆ, ಎರರ್ ಕೂಡ ಬರುವುದಿಲ್ಲ. ಇಂಥ ಮೌನದ ತಪ್ಪುಗಳೇ ಅಪಾಯ. ಪ್ರೊಸೆಸರ್‌ಗೆ -ಎ ಆಯ್ಕೆಯ ಮೂಲಕ ಫೈಲಿನ ದಾರಿ ಕೊಡುವಾಗ, ಅದು ಕಂಪೈಲ್ ಟಾಸ್ಕ್‌ನ ಇನ್‌ಪುಟ್ ಅಂತಲೂ ಗ್ರೇಡಲ್‌ಗೆ ಘೋಷಿಸಬೇಕು. ಅದಕ್ಕೆ ‘ಕಮಾಂಡ್‌ಲೈನ್ ಆರ್ಗ್ಯುಮೆಂಟ್ ಪ್ರೊವೈಡರ್’ ಅನ್ನುವ ಸೌಲಭ್ಯ ಇದೆ.

ಹಾಗೆಯೇ ಪ್ರೊಸೆಸರ್ ಬರೆಯುವ ಕೋಡ್ ಪ್ರತಿ ಸಲವೂ ಅಕ್ಷರಶಃ ಒಂದೇ ತರಹ ಇರಬೇಕು. ಒಳಗೆ ಹೊತ್ತು ದಿನಾಂಕ ಬರೆದರೆ, ಅಥವಾ ಹ್ಯಾಶ್‌ಮ್ಯಾಪ್‌ನಿಂದ ಬಂದ ಗೊತ್ತುಗುರಿ ಇಲ್ಲದ ಕ್ರಮದಲ್ಲಿ ಮೆಥಡ್‌ಗಳನ್ನು ಬರೆದರೆ, ಏನೂ ಬದಲಾಗದಿದ್ದರೂ ಫಲಿತಾಂಶ ಬದಲಾಗುತ್ತದೆ. ಅದರ ಮೇಲೆ ನಿಂತಿರುವ ಬೇರೆ ಮಾಡ್ಯೂಲ್‌ಗಳಿಗೂ ಸುಮ್ನೆ ಕೆಲಸ ಬೀಳುತ್ತದೆ. ಹೆಸರಿನ ಕ್ರಮದಲ್ಲಿ ಜೋಡಿಸಿ ಬರೆಯುವುದು ಎರಡು ಸಾಲಿನ ಕೆಲಸ.

ಕೋಟ್ಲಿನ್ ಬಳಸುವವರಿಗೆ ಇಲ್ಲಿ ಒಂದು ಮಾತು. ಕೆಪ್ಟ್ ಅನ್ನುವುದು ಕೋಟ್ಲಿನ್ ಕೋಡನ್ನು ನೋಡಿ ಮೊದಲು ಜಾವಾದ ಖಾಲಿ ಅಸ್ಥಿಪಂಜರ ಮಾಡಿ, ಆಮೇಲೆ ಜಾವಾ ಪ್ರೊಸೆಸರ್‌ಗಳಿಗೆ ಕೊಡುತ್ತದೆ. ಆ ಹೆಚ್ಚಿನ ಹೆಜ್ಜೆಗೇ ಹೊತ್ತು ಹೋಗುತ್ತದೆ. 2021ರಲ್ಲಿ 1.0 ತಲುಪಿದ ಗೂಗಲ್‌ನ ಕೆಎಸ್‌ಪಿ ನೇರವಾಗಿ ಕೋಟ್ಲಿನ್ ಕೋಡನ್ನೇ ಓದುತ್ತದೆ. ಆಂಡ್ರಾಯ್ಡ್ ಪ್ರಾಜೆಕ್ಟ್‌ನಲ್ಲಿ ರೂಮ್ ಅನ್ನುವ ಡೇಟಾಬೇಸ್ ಲೈಬ್ರರಿ ಬಳಸುತ್ತಿದ್ದರೆ ಕೆಎಸ್‌ಪಿಗೆ ಬದಲಾಯಿಸಿ. ಆದರೆ ಒಂದೇ ಒಂದು ಲೈಬ್ರರಿ ಕೆಪ್ಟ್‌ನಲ್ಲಿ ಉಳಿದರೂ ಆ ಅಸ್ಥಿಪಂಜರದ ಹೆಜ್ಜೆ ಉಳಿದೇ ಇರುತ್ತದೆ.

ಎರರ್ ಓದುವ ಬಗೆ

ಈಗ ಮೊದಲಿನ ಪ್ರಶ್ನೆಗೆ ಉತ್ತರ ಸುಲಭ. ಪ್ರೊಸೆಸರ್ ಓಡಲಿಲ್ಲ, ಅಥವಾ ಮಧ್ಯದಲ್ಲಿ ಬಿತ್ತು. ಅದು ಬರೆಯಬೇಕಿದ್ದ ಕ್ಲಾಸ್ ಹುಟ್ಟಲಿಲ್ಲ. ಆ ಕ್ಲಾಸನ್ನು ಕರೆದ ಪ್ರತಿ ಸಾಲಿನಲ್ಲೂ ‘ಸಿಂಬಲ್ ಸಿಗುತ್ತಿಲ್ಲ’ ಬಂತು. ಅವೆಲ್ಲ ಪರಿಣಾಮ, ಮೂಲ ಬೇರೆ. ಜಾವಾಕ್ ಸಾಮಾನ್ಯವಾಗಿ ತೋರಿಸುವುದು ಮೊದಲ 100 ಎರರ್‌ಗಳನ್ನು ಮಾತ್ರ. ನಿಜವಾದ ಕಾರಣ ಆ ನೂರರಾಚೆ ಉಳಿದುಹೋಗುವುದುಂಟು. -ಎಕ್ಸ್‌ಮ್ಯಾಕ್ಸ್‌ಎರರ್ಸ್ ಆಯ್ಕೆಯಿಂದ ಆ ಮಿತಿ ಹೆಚ್ಚಿಸಿ. ಆಮೇಲೆ ಸಿಂಬಲ್ ಎರರ್‌ಗಳನ್ನೆಲ್ಲ ಬಿಟ್ಟು ಬೇರೆ ತರಹದ ಒಂದು ಸಾಲು ಇದೆಯಾ ಅಂತ ಹುಡುಕಿ. ಸಾಮಾನ್ಯವಾಗಿ ಅದೇ ಮೂಲ. ಬೇರೆ ಸಾಲು ಒಂದೂ ಇಲ್ಲದಿದ್ದರೆ ಪ್ರೊಸೆಸರ್ ಓಡಿಯೇ ಇಲ್ಲ ಅಂತ ಅನುಮಾನಿಸಿ, ಅದರ ದಾರಿ ನೋಡಿ.

ಹುಟ್ಟಿದ ಫೈಲುಗಳನ್ನು ತೆರೆದು ಓದುವುದನ್ನೂ ರೂಢಿ ಮಾಡಿಕೊಳ್ಳಿ. ಗ್ರೇಡಲ್‌ನಲ್ಲಿ ಅವು ಬಿಲ್ಡ್ ಫೋಲ್ಡರಿನ ಒಳಗೆ ಜನರೇಟೆಡ್, ಅದರೊಳಗೆ ಸೋರ್ಸಸ್, ಅದರೊಳಗೆ ಅನೋಟೇಶನ್‌ಪ್ರೊಸೆಸರ್ ಅನ್ನುವ ಜಾಗದಲ್ಲಿರುತ್ತವೆ. ಮಾವೆನ್‌ನಲ್ಲಿ ಟಾರ್ಗೆಟ್ ಒಳಗಿನ ಜನರೇಟೆಡ್-ಸೋರ್ಸಸ್ ನೋಡಿ. ಲೋಡುಮ್ಯಾಪರ್‌ಇಂಪ್ಲ್ ತೆರೆದರೆ ಅದರಲ್ಲಿ ಮಂತ್ರ ತಂತ್ರ ಏನೂ ಇಲ್ಲ, ನೀವೇ ಬರೆಯಬಹುದಾಗಿದ್ದ ಸಾದಾ ಜಾವಾ. ಲಾರಿಯ ಖಾಲಿ ತೂಕ ‘ತೂಕಚೀಟಿ’ಗೆ ಬರುತ್ತಿಲ್ಲವಾದರೆ ಆ ಸಾಲು ಅಲ್ಲಿ ಇಲ್ಲ ಅಂತ ತಕ್ಷಣ ಕಾಣುತ್ತದೆ. ಓದಿ, ಆದರೆ ತಿದ್ದಬೇಡಿ, ಮುಂದಿನ ಬಿಲ್ಡ್‌ನಲ್ಲಿ ಅಳಿಸಿಹೋಗುತ್ತದೆ. ಗಿಟ್‌ಗೂ ಸೇರಿಸಬೇಡಿ.

ಕೊನೆಯದಾಗಿ, ಸ್ವಂತ ಪ್ರೊಸೆಸರ್ ಬರೆಯಲು ಹೊರಟವರಿಗೆ. ಪ್ರೊಸೆಸರ್ ಕೋಡನ್ನೂ ಅದನ್ನು ಘೋಷಿಸುವ ಸರ್ವಿಸಸ್ ಫೈಲನ್ನೂ ಒಂದೇ ಮಾಡ್ಯೂಲ್‌ನಲ್ಲಿಟ್ಟು ಮಾವೆನ್‌ನಲ್ಲಿ ಬಿಲ್ಡ್ ಒತ್ತಿದರೆ ವಿಚಿತ್ರ ಎರರ್ ಬರಬಹುದು. ರಿಸೋರ್ಸ್ ಫೈಲುಗಳು ಮೊದಲು ಔಟ್‌ಪುಟ್ ಫೋಲ್ಡರಿಗೆ ಕಾಪಿ ಆಗುತ್ತವೆ, ಆ ಫೋಲ್ಡರ್ ಕ್ಲಾಸ್‌ಪಾತ್‌ನಲ್ಲಿರುತ್ತದೆ. ಜೆಡಿಕೆ 23ಕ್ಕಿಂತ ಹಳೆಯ ಜಾವಾಕ್ ಆ ಘೋಷಣೆ ಓದಿ ಪ್ರೊಸೆಸರ್ ಲೋಡ್ ಮಾಡಲು ಹೋಗುತ್ತದೆ. ಆದರೆ ಆ ಪ್ರೊಸೆಸರ್ ಇನ್ನೂ ಕಂಪೈಲ್ ಆಗಿಲ್ಲ, ಅದನ್ನು ಕಂಪೈಲ್ ಮಾಡಲೆಂದೇ ಈಗ ಜಾವಾಕ್ ಓಡುತ್ತಿದೆ. ಆ ಮಾಡ್ಯೂಲ್‌ಗೆ ಮಾತ್ರ, ಪ್ರೊಸೆಸಿಂಗ್ ಬೇಡ ಅನ್ನುವ -ಪ್ರಾಕ್:ನನ್ ಆಯ್ಕೆ ಕೊಡಿ, ಗಂಟು ಬಿಚ್ಚಿಕೊಳ್ಳುತ್ತದೆ. ಇನ್ನು @ತೇವಾಂಶಮಿತಿ ಚೀಟಿಗೆ ಒಂದು ಮಾಡ್ಯೂಲ್, ಅದರ ಪ್ರೊಸೆಸರ್‌ಗೆ ಇನ್ನೊಂದು, ಗಿರಣಿಯ ಪ್ರೋಗ್ರಾಂಗೆ ಮೂರನೆಯದು ಮಾಡಿ. ಮೂರನೆಯದು ಚೀಟಿಯ ಮಾಡ್ಯೂಲನ್ನು ಮಾಮೂಲಿ ಡಿಪೆಂಡೆನ್ಸಿಯಾಗಿ ಪಡೆಯಲಿ, ಪ್ರೊಸೆಸರ್ ಮಾಡ್ಯೂಲ್ ಅದರ ಪ್ರೊಸೆಸರ್ ದಾರಿಯಲ್ಲಿ ಮಾತ್ರ ಇರಲಿ.